ತುಕ್ಕುಗೈ

ಫೆಬ್ರವರಿ 8

ಸ್ಟೇಷನ್ ಮಾಸ್ಟರು ಬಂದೂಕು ಕೊಟ್ಟು ಹೋದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಮನುಷ್ಯ ಈಗಲೂ ಪ್ಲಾಟ್‌ಫಾರಂ ಮೇಲೆ ನಿಂತವರಂತೆ ಕೂಗಿ ಮಾತಾಡುತ್ತಾರೆ. ಅವರ ಅಪ್ಪನ ಕಾಲದ ಜೋಡುನಳಿಗೆ ಬಂದೂಕು, ಈಗ ತಂಗಿಯ ಪಾಲಿಗೆ ಬಂದಿದೆ. ಆಕೆ ಗಾಳಿಯಲ್ಲಿ ಹಾರಿಬಿಟ್ಟ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗೆ ಹೋಗುವವರು. ಮಾರ್ಚ್ ಕೊನೆಗೆ ಸ್ಪರ್ಧೆ. "ಹೊಸದರ ಹಾಗೆ ಆಗ್ಬೇಕು ನೋಡಿ!" ಎಂದರು. ಬರುವವರೆಲ್ಲ ಹೇಳುವುದು ಇದೇ ಮಾತು.

ನಳಿಗೆಗಳನ್ನು ಮರದ ಹಿಡಿಯಿಂದ ಬಿಡಿಸಿ, ದಾರ ಕಟ್ಟಿ ಕೊಕ್ಕೆಗೆ ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿದೆ. ಗಂಟೆಯ ಹಾಗೆ ನುಡಿದು ನಿಧಾನಕ್ಕೆ ನಿಂತಿತು. ಎರಡರ ನಡುವಿನ ಬೆಸುಗೆ ಎಲ್ಲೂ ಬಿಟ್ಟಿಲ್ಲ. ಒಳಗೆಲ್ಲ ಗಟ್ಟಿಯಾಗಿದೆ, ಮೇಲಿನ ಚರ್ಮ ಮಾತ್ರ ಹೋಗಿದೆ. ಕೈ ಹಿಡಿಯುವ ಕಡೆ ಬಣ್ಣ ಸವೆದು ಬೆಳ್ಳಗಾಗಿದೆ, ಉಳಿದದ್ದು ಕಂದು, ಬಾಯಿಯ ಹತ್ತಿರ ಒಂದಷ್ಟು ಕುಳಿಗಳು. ಕೈತುಂಬ ಕೆಲಸ.

ತೊಂದರೆ ಬೇರೆಯೇ ಇದೆ. ನಾಡಿದ್ದು ನನ್ನ ಹೆಂಡತಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಮೆಟ್ಟಿಲು ಹತ್ತಬಾರದಂತೆ. ಕೆಳಗಿರುವುದು ನನ್ನ ಕೆಲಸದ ಕೋಣೆ, ಅದಕ್ಕೆ ಅಂಟಿಕೊಂಡ ಮುಂದಿನ ಕೋಣೆ, ಹಿಂದೆ ಒಂದು ಬಚ್ಚಲು. ಅಡುಗೆಮನೆ, ಇನ್ನೊಂದು ಬಚ್ಚಲು ಎಲ್ಲ ಮೇಲೆ. ಮಂಚ ಮುಂದಿನ ಕೋಣೆಗೇ ಬರಬೇಕೆಂದು ಮಗಳು ಹುಕುಂ ಹೊರಡಿಸಿದ್ದಾಳೆ. ಇವಳು ಮನೆಗೆ ಬರುವುದು ಸಂತೋಷವೇ, ನಾನೇನು ಕಲ್ಲಲ್ಲ. ಆದರೆ ತುಕ್ಕಮ್ಮನನ್ನು ತಂದು ನನ್ನ ನಳಿಗೆಗಳ ಪಕ್ಕದಲ್ಲೇ ಮಲಗಿಸುವುದೆಂದರೆ!

ನಮ್ಮ ಕಸುಬಿನವರೆಲ್ಲರಿಗೂ ಗೊತ್ತಿರುವ ಮಾತು. ಕೆಲವರ ಬೆವರಿಗೆ ಕಬ್ಬಿಣ ತಡೆಯುವುದಿಲ್ಲ. ಅವರು ಮುಟ್ಟಿದ ಕಡೆ ಮರುದಿನಕ್ಕೆ ಬೆರಳಚ್ಚು ಕಂದಾಗಿ ಎದ್ದು ಬರುತ್ತದೆ. ಅಂಥವರದ್ದು ತುಕ್ಕುಗೈ. ಮದುವೆಯಾದ ಹೊಸತರಲ್ಲಿ ಇವಳು ಕುತೂಹಲಕ್ಕೆ ಒಂದು ನಳಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ಕಿಟಕಿ ನೋಡಿದ್ದಳು. ಮರುದಿನ ಐದು ಬೆರಳೂ ಅಲ್ಲಿದ್ದವು. ಹೆಬ್ಬೆರಳಿನ ಮೇಲೆ ಡಬ್ಬಿಯ ಮುಚ್ಚಳ ಕುಯ್ದ ಓರೆ ಗಾಯದ ಗೆರೆಯೂ ಸೇರಿ. ಅಪ್ಪ ನೋಡಿ, "ಸೊಸೆ ಕೈಗುಣ ಗಿಡಕ್ಕೆ ಚೆನ್ನಾಗಿದೆ, ಕಬ್ಬಿಣಕ್ಕೆ ಆಗಿಬರಲ್ಲ" ಎಂದರು. ನಾನು ಹೊಸ್ತಿಲ ಮೇಲೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದೆ. ಅಂದಿನಿಂದ ಇಂದಿನವರೆಗೆ ಅವಳು ಅದನ್ನು ದಾಟಿಲ್ಲ. ಗೆರೆಯ ಆಚೆ ನಿಂತೇ ಊಟಕ್ಕೆ ಕರೆಯುತ್ತಾಳೆ, ಆಚೆ ನಿಂತೇ ಜಗಳವಾಡುತ್ತಾಳೆ.

ಈಗ ಬಚ್ಚಲಿಗೆ ಹೋಗಬೇಕಾದರೆ ಅದನ್ನು ದಾಟಲೇಬೇಕು. ಮಗಳಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ.

ಫೆಬ್ರವರಿ 10

ಬಂದಳು. ಅರ್ಧ ಇಳಿದುಹೋಗಿದ್ದಾಳೆ, ಕಾಲು ಮಾತ್ರ ಬಾತುಕೊಂಡಿದೆ. ಜ್ವರದ ವಿಷ ರಕ್ತಕ್ಕೆ ಹೋಗಿ ಎರಡೂ ಕಿಡ್ನಿ ಕೈಕೊಟ್ಟಿವೆ. "ಸತ್ತಿಲ್ಲ, ನಿದ್ದೆ ಹೋಗಿವೆ ಅಂದ್ಕೊಳ್ಳಿ. ಎದ್ದರೆ ಏಳಬಹುದು" ಎಂದರು ಕಿಡ್ನಿ ಡಾಕ್ಟರು. ಏಳದಿದ್ದರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಯವರೆಗೆ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರಬೇಕು.

ಉಪ್ಪಿಲ್ಲ. ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಬೇಕು. ಕುಡಿಯುವ ನೀರಿಗೆ ಅಳತೆ. ಮಗಳು ಒಂದು ಪುಟ್ಟ ಲೋಟ ಇಟ್ಟಿದ್ದಾಳೆ, ದಿನಕ್ಕೆ ಇಷ್ಟೇ ಎಂದು. ಬಚ್ಚಲಲ್ಲಿ ಗೆರೆಗಳಿರುವ ಒಂದು ಜಗ್ಗು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಲೆಕ್ಕ. ಹೊರಗೆ ಬರುವುದು ಜಗ್ಗಿನ ತಳವನ್ನೂ ಮುಚ್ಚುವುದಿಲ್ಲ.

ಹೊಸ್ತಿಲ ಹತ್ತಿರ ನಿಂತು, "ಗೆರೆ ದಾಟ್ಲಾ, ಪಾಸ್‌ಪೋರ್ಟ್ ತೋರಿಸ್ಬೇಕಾ?" ಎಂದಳು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದಾಟಿದಳು. ಒಳ್ಳೆಯದಾಯಿತು. ನಳಿಗೆಗಳು ಮೇಜಿನ ಮೇಲೆ ಬೆತ್ತಲೆ ಇದ್ದವು.

ಫೆಬ್ರವರಿ 14

ಅರ ಹಿಡಿದು ಕುಳಿಗಳನ್ನು ತೆಗೆಯುತ್ತಿದ್ದೇನೆ. ಇದೊಂದು ಹಾಳು ಕೆಲಸ. ಕಡಿಮೆ ಉಜ್ಜಿದರೆ ಕುಳಿ ಉಳಿಯುತ್ತದೆ, ಹೆಚ್ಚು ಉಜ್ಜಿದರೆ ನಳಿಗೆಯ ಗೋಡೆ ತೆಳುವಾಗಿ ಹೊಡೆಯುವವರ ಮುಖದ ಹತ್ತಿರವೇ ಸಿಡಿದೀತು. ಎರಡು ಕುಳಿಗಳನ್ನು ಹಾಗೇ ಬಿಟ್ಟೆ. ಸ್ಟೇಷನ್ ಮಾಸ್ಟರು ಗೊಣಗಲಿ.

ಅರದ ಸದ್ದು ಇವಳ ನಿದ್ದೆ ಕೆಡಿಸುತ್ತದೆಯೆಂದು ಮಗಳು ತಕರಾರು ತೆಗೆದಳು. ಇವಳು ಮಂಚದಿಂದಲೇ, "ಬಿಡೇ, ಆ ಸದ್ದು ನಿಂತ್ರೇ ನಂಗೆ ಎಚ್ಚರ ಆಗೋದು" ಎಂದಳು. ಮಗಳು ತಪ್ಪು ಹುಡುಕಲು ಕನ್ನಡಕದ ಅಂಗಡಿಗೆ ರಜೆ ಹಾಕಿ ಬಂದಿದ್ದಾಳೇನೋ. ಮುಂದಿನ ದೂರು ಆಸಿಡ್ಡಿನ ವಾಸನೆಯದು. ಬಾಟಲಿಯನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿದೆ. ಇನ್ನು ತುಕ್ಕು ಹಿಡಿಸುವ ಮದ್ದು ಹಚ್ಚಬೇಕಾದಾಗಲೆಲ್ಲ ಶೆಡ್ಡಿಗೆ ಓಡಬೇಕು. ಒಬ್ಬರ ಕಾಯಿಲೆಗೆ ಎಲ್ಲರೂ ಕುಣಿಯಬೇಕು.

ಫೆಬ್ರವರಿ 18

ಮೊದಲ ಪದರ. ಎರಡೂ ಬಾಯಿಗೆ ಮರದ ಬಿರಡೆ ಜಡಿದು, ಎಣ್ಣೆಯ ಪಸೆ ಹೋಗುವಂತೆ ಸೀಮೆಸುಣ್ಣದ ಹಿಟ್ಟಿನಿಂದ ತಿಕ್ಕಿ, ಬಿರಡೆಗಳನ್ನಷ್ಟೇ ಹಿಡಿದು ಮದ್ದು ಹಚ್ಚಿ ತೇವದ ಪೆಟ್ಟಿಗೆಯಲ್ಲಿಟ್ಟಿದ್ದೆ. ಒದ್ದೆ ಬಟ್ಟೆ ತೂಗುಹಾಕಿದ ಮರದ ಬೀರು, ಅಪ್ಪ ಮಾಡಿದ್ದು. ಬೆಳಿಗ್ಗೆ ನೋಡಿದರೆ ಕಿತ್ತಳೆ ಬಣ್ಣದ ನವಿರು ತುಕ್ಕು, ಉದ್ದಕ್ಕೂ ಒಂದೇ ಸಮ. ಲೋಕವೆಲ್ಲ ತುಕ್ಕಿಗೆ ಹೆದರಿದರೆ ನಾವು ಅದನ್ನು ಕರೆದು ಕೂರಿಸಿ ಉಪಚಾರ ಮಾಡುವವರು. ನಳಿಗೆಗಳನ್ನು ಉದ್ದನೆಯ ತೊಟ್ಟಿಯಲ್ಲಿ ಕುದಿಸಿದೆ. ಕಿತ್ತಳೆ ಕಪ್ಪಾಯಿತು. ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದಾಗ ಅಡಿಯಲ್ಲಿ ತೆಳ್ಳಗೆ ಬೂದುಬಣ್ಣ. ಹೀಗೇ ಪದರದ ಮೇಲೆ ಪದರ ಕಟ್ಟುತ್ತ ಹೋದರೆ ಕೊನೆಗೆ ಆ ನೀಲಿಗಪ್ಪು. ಅವಸರ ಮಾಡಿದರೆ ಕೆಟ್ಟಿತು.

ಕುದಿಯುವಾಗ ತಲೆ ಎತ್ತಿ ನೋಡಿದರೆ ಇವಳು ಮಂಚದ ಮೇಲೆ ಎದ್ದು ಕೂತು ತೊಟ್ಟಿಯನ್ನೇ ನೋಡುತ್ತಿದ್ದಳು. ತುಟಿ ಒಡೆದಿತ್ತು.

"ಅಷ್ಟೂ ನೀರು ಆ ಕಬ್ಬಿಣಕ್ಕಾ?" ಎಂದಳು.

"ಏನ್ ಮಾಡ್ಲಿ, ಕುದಿಸ್ಲೇಬೇಕಲ್ಲ."

"ಕುದಿಸಿ, ಕುದಿಸಿ. ಬಾಗಿಲು ಮಾತ್ರ ಮುಚ್ಚಬೇಡಿ. ಹಬೆಗೇನೂ ಡಾಕ್ಟರು ಅಳತೆ ಹೇಳಿಲ್ಲ."

ಬಾಯಿ ತೆರೆದುಕೊಂಡು ಕೂತಳು. ನನಗೆ ಆಮೇಲೆ ಊಟ ಸೇರಲಿಲ್ಲ. ಮೊದಲ ಪದರ ಚೆನ್ನಾಗಿ ಬಂದಿದೆ.

ಫೆಬ್ರವರಿ 19

ಸ್ಟೇಷನ್ ಮಾಸ್ಟರ ಫೋನು. "ಎಲ್ಲಿಗೆ ಬಂತು?" ಎಂದು ಕೇಳಿದರು, ಬಂದೂಕು ರೈಲಿನಲ್ಲಿ ಬರುತ್ತಿರುವಂತೆ. ಎರಡನೆಯ ಪದರ ಪೆಟ್ಟಿಗೆಯಲ್ಲಿದೆ ಎಂದೆ. ಅರ್ಥವಾದವರಂತೆ "ಆಂ" ಎಂದರು.

ಫೆಬ್ರವರಿ 22

ಆಗಬಾರದ್ದು ಆಯಿತು.

ನಾಲ್ಕನೆಯ ಪದರಕ್ಕೆ ಎಲ್ಲ ಸಿದ್ಧ ಮಾಡಿ, ಪಸೆ ತೆಗೆದು, ನಳಿಗೆಗಳನ್ನು ಕೊಕ್ಕೆಗೆ ತೂಗುಹಾಕಿ ಮದ್ದು ತರಲು ಶೆಡ್ಡಿಗೆ ಹೋಗಿದ್ದೆ. ಇವಳು ಒಬ್ಬಳೇ ಬಚ್ಚಲಿಗೆ ಹೊರಟಿದ್ದಾಳೆ. ನಡುವೆ ತಲೆ ಸುತ್ತಿದೆ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದಾಳೆ. ಕೈಗೆ ಸಿಕ್ಕಿದ್ದು ನಳಿಗೆ. ನಾನು ಬಂದಾಗ ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದು ನಿಂತಿದ್ದಳು, ಕೆನ್ನೆಯೂ ಅದಕ್ಕೆ ತಾಗಿತ್ತು.

ನಾನು ಕೂಗಿದೆ. ಏನು ಕೂಗಿದೆ ಎಂದು ಬರೆಯುವುದಿಲ್ಲ. ಮೊದಲು ಅವಳನ್ನು ಹಿಡಿದುಕೊಂಡು ಆಮೇಲೆ ಕೂಗಬೇಕಿತ್ತು, ಅದು ತಿರುವುಮುರುವಾಯಿತು. ಮಗಳು ಓಡಿ ಬಂದು ಅವಳನ್ನು ಕರೆದೊಯ್ದಳು. ವಾಪಸು ಬಂದು, "ಅಪ್ಪ, ಅಮ್ಮ ಬಿದ್ದಿದ್ರೆ?" ಎಂದಷ್ಟೇ ಕೇಳಿದಳು.

ಮತ್ತೆ ಪಸೆ ತೆಗೆಯಲಿಲ್ಲ. ರೊಚ್ಚಿಗೆ ಹಾಗೇ ಮದ್ದು ಹಚ್ಚಿ ಪೆಟ್ಟಿಗೆಗೆ ಹಾಕಿದೆ. ಹೇಗೂ ಕೆಟ್ಟಿದೆ, ಎಷ್ಟು ಕೆಟ್ಟಿದೆ ನೋಡೋಣ ಎಂದು.

ಫೆಬ್ರವರಿ 23

ಕೆಟ್ಟಿಲ್ಲ! ಒಂದು ಗುರುತೂ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದೆ. ಎರಡು ಅಂಗೈ, ಒಂದು ಕೆನ್ನೆ ಮುಟ್ಟಿದ ಜಾಗದಲ್ಲಿ ತುಕ್ಕು ಉಳಿದ ಕಡೆಯಷ್ಟೇ ನವಿರು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇರ ಮಂಚದ ಹತ್ತಿರ ಹೋಗಿ, "ಏ ತುಕ್ಕಮ್ಮ, ನಿನ್ನ ಕೈ ಗುಣವಾಯ್ತು ಕಣೇ! ಇನ್ಮೇಲೆ ನೀನೇ ನನ್ನ ಅಸಿಸ್ಟೆಂಟು" ಎಂದೆ. ಅವಳೂ ನಕ್ಕಳು. ಕೈಯನ್ನು ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

ಕುದಿಸಿ ಉಜ್ಜಿದೆ. ಬಣ್ಣ ಗಾಢವಾಗುತ್ತಿದೆ.

ಫೆಬ್ರವರಿ 24

ಇವತ್ತು ಆಸ್ಪತ್ರೆಯಲ್ಲಿ ನರ್ಸು ಇವಳ ತೋಳಿಗೆ ಎಣ್ಣೆ ಸವರುತ್ತ, "ಚರ್ಮ ನೋಡಿ, ಕಾಗದ ಆಗಿದೆ. ಕಿಡ್ನಿ ಹೋದವರಿಗೆ ಬೆವರೇ ಬರಲ್ಲ" ಎಂದಳು.

ನಿನ್ನೆ ನಾನು ಖುಷಿಪಟ್ಟೆ.

ಫೆಬ್ರವರಿ 27

ಎರಡು ದಿನ ಕೆಲಸ ಮಾಡಲಿಲ್ಲ. ಇವತ್ತು ಹಳೆಯ ನಳಿಗೆಯ ತುಂಡೊಂದನ್ನು ಚಪ್ಪಟೆ ಪಟ್ಟಿಗಳಾಗಿ ಕುಯ್ದು, ಕನ್ನಡಿಯಂತೆ ಹೊಳಪಿಸಿ, ಪಸೆ ತೆಗೆದೆ. ಒಂದನ್ನು ತಟ್ಟೆಯಲ್ಲಿಟ್ಟುಕೊಂಡು ಮಂಚದ ಹತ್ತಿರ ಹೋದೆ.

"ಹೆಬ್ಬೆರಳು ಒತ್ತು."

"ಯಾಕೆ? ಆಸ್ತಿ ಬರೆಸ್ಕೋತೀರಾ?"

"ಹೊಸ ಮದ್ದು ಪರೀಕ್ಷೆ ಮಾಡ್ತಿದೀನಿ. ಒತ್ತು ಅಂದ್ರೆ ಒತ್ತು."

ಒತ್ತಿದಳು. ಪಟ್ಟಿಯನ್ನು ತೇವದ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬೆವರು ಮರಳಿದ್ದರೆ ಬೆಳಿಗ್ಗೆ ಅಚ್ಚು ಎದ್ದಿರಬೇಕು.

ಫೆಬ್ರವರಿ 28

ಏನೂ ಇಲ್ಲ. ಹೊಸ ಪಟ್ಟಿ ಒತ್ತಿಸಿದೆ.

ಮಾರ್ಚ್ 2

ಇಲ್ಲ.

ಈ ಮನೆಯಲ್ಲಿ ಅವಳ ಗುರುತಿಲ್ಲದ ಕಬ್ಬಿಣವಿಲ್ಲ. ಇವತ್ತು ಬೇರೆ ಕೆಲಸವಿಲ್ಲದವನಂತೆ ಹುಡುಕಿಕೊಂಡು ತಿರುಗಿದೆ. ಬಾಗಿಲ ಚಿಲಕ, ಹಿತ್ತಲ ಗೇಟು, ಕತ್ತರಿಯ ಕಣ್ಣು, ಹೊಲಿಗೆ ಮಿಷನ್ನಿನ ಚಕ್ರ, ಗಿಡಕ್ಕೆ ಮಣ್ಣು ಕೆದಕುವ ಕೈಗುದ್ದಲಿ, ಎಲ್ಲದರ ಮೇಲೂ ಕಂದು ಕಲೆ. ಎಷ್ಟು ಸಲ ಬೈದುಕೊಂಡು ಒರೆಸಿದ್ದೇನೆ ಇವುಗಳನ್ನು! ಕತ್ತರಿಯನ್ನು ಒರೆಸದೆ ಹಾಗೇ ಇಟ್ಟು ಬಂದೆ.

ಐದನೆಯ ಪದರ ಹಾಕಿದೆ. ಹೇಗೆ ಬಂದಿದೆ ಎಂದು ಸರಿಯಾಗಿ ನೋಡಲಿಲ್ಲ.

ಮಾರ್ಚ್ 5

ಇಲ್ಲ.

"ಬಂದ ದಿನದಿಂದ ಮುಟ್ಟಬೇಡ ಮುಟ್ಟಬೇಡ ಅಂದ್ರಿ, ಈಗ ದಿನಾ ಮುಟ್ಟು ಮುಟ್ಟು ಅಂತೀರಿ. ಯಾವುದಾದ್ರೂ ಒಂದು ನಿರ್ಧಾರ ಮಾಡಿ" ಎಂದಳು. ಎಲ್ಲ ತಿಳಿದಿದೆ ಅವಳಿಗೆ. ಮದ್ದಿನ ಪರೀಕ್ಷೆಯೆಂಬ ನನ್ನ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡು ದಿನಾ ಹೆಬ್ಬೆರಳು ಕೊಡುತ್ತಾಳೆ. ಬೆರಳು ತಣ್ಣಗಿರುತ್ತದೆ. ಒತ್ತಿದ ಮೇಲೂ ಒಂದು ಗಳಿಗೆ ನಾನು ಬಿಡುವುದಿಲ್ಲ, ಪಟ್ಟಿಗೆ ಚೆನ್ನಾಗಿ ತಾಗಲಿ ಎಂದು.

ಮಾರ್ಚ್ 9

ಕಿಡ್ನಿ ಡಾಕ್ಟರು ಕೋಣೆಯೊಳಗೆ ಕರೆದು ಬಾಗಿಲು ಮುಚ್ಚಿದರು. ಇಷ್ಟು ಹೊತ್ತಿಗೆ ಕಿಡ್ನಿಗಳು ಏಳಬೇಕಿತ್ತಂತೆ. ಇನ್ನೂ ಕೆಲವು ವಾರ ಕಾಯಬಹುದು, ಆದರೆ ಯಾರಾದರೂ ಕಿಡ್ನಿ ಕೊಡುವವರಿದ್ದಾರೆಯೇ ಎಂದು ಈಗಿನಿಂದಲೇ ಯೋಚಿಸುವುದು ಒಳ್ಳೆಯದಂತೆ. ನಾನು ಅಂಗಿಯ ತೋಳು ಮಡಚಿದೆ, ಆಗಲೇ ತೆಗೆದುಕೊಳ್ಳುತ್ತಾರೆ ಎನ್ನುವಂತೆ. ಸಕ್ಕರೆ ಕಾಯಿಲೆಯವರದ್ದು ಬೇಡ ಎಂದರು. ಇಷ್ಟು ವರ್ಷ ಸಿಹಿ ತಿನ್ನಬೇಡಿ ಎಂದು ಇವಳು ಬಡಿದುಕೊಂಡದ್ದು ನೆನಪಾಯಿತು.

ಮಗಳು, "ನಂದು ತಗೊಳ್ಳಿ" ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ.

ಮನೆಗೆ ಬಂದು ಹೇಳಿದ್ದೇ ತಡ, ಇವಳು ಹಿಡಿದ ಪಟ್ಟು ಬಿಡಲಿಲ್ಲ. "ನಿನ್ನ ಹೊಟ್ಟೆ ಕುಯ್ಸಿ ನಾನು ಬದುಕೋದಾ? ಇನ್ನೊಂದ್ಸಲ ಆ ಮಾತು ಎತ್ತಿದ್ರೆ ಯಂತ್ರಕ್ಕೂ ಬರಲ್ಲ, ನೋಡ್ತಿರು."

"ಅಮ್ಮ, ಎರಡಿವೆ ನಂಗೆ!"

"ನಂಗೂ ಎರಡಿದ್ವು."

ಮಗಳು ಅಳುತ್ತ ಮೇಲೆ ಹೋದಳು. ಇವಳು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ನಡುವೆ ಪಟ್ಟಿಯ ತಟ್ಟೆ ಹಿಡಿದು ನಿಂತಿದ್ದೆ. ಕೊನೆಗೆ ಅವಳೇ ತಿರುಗದೆ ಕೈ ಹಿಂದಕ್ಕೆ ಚಾಚಿ ಹೆಬ್ಬೆರಳು ಕೊಟ್ಟಳು.

ಮಾರ್ಚ್ 10

ಇಲ್ಲ.

ನನಗೆ ಭಯವಾಗುತ್ತಿದೆ. ಬರೆದರೆ ಕಡಿಮೆಯಾದೀತು ಎಂದುಕೊಂಡೆ, ಆಗಲಿಲ್ಲ.

ಮಾರ್ಚ್ 13

ನಿನ್ನೆ ಯಂತ್ರದಿಂದ ಬಂದವಳು ಊಟ ಮುಟ್ಟಲಿಲ್ಲ. "ಸಾಕಾಯ್ತು ರೀ" ಎಂದಳು. ಅವಳ ಬಾಯಲ್ಲಿ ಈ ಮಾತು ನಾನು ಕೇಳಿದ್ದೇ ಇಲ್ಲ. ಎಲ್ಲರಿಗೂ ಸಾಕಾದ ಮೇಲೂ ಇವಳಿಗೆ ಸಾಕಾಗುತ್ತಿರಲಿಲ್ಲ.

ಅದಕ್ಕೇ ಆ ಕೆಲಸ ಮಾಡಿದೆ. ಅವಳು ಒತ್ತಿದ ಪಟ್ಟಿಯನ್ನು ಬದಿಗಿಟ್ಟು, ಇನ್ನೊಂದು ಪಟ್ಟಿ ತೆಗೆದುಕೊಂಡು, ನನ್ನ ಹೆಬ್ಬೆರಳನ್ನು ಉಪ್ಪುನೀರಿನಲ್ಲಿ ಅದ್ದಿ ಒತ್ತಿ ಪೆಟ್ಟಿಗೆಯಲ್ಲಿಟ್ಟೆ. ಬೆಳಿಗ್ಗೆ ಕಂದು ಅಚ್ಚು ಗಟ್ಟಿಯಾಗಿ ಎದ್ದಿತ್ತು. ಓಡಿಹೋಗಿ ತೋರಿಸಿದೆ. "ನೋಡು, ಬಂತು! ನಿಂದು ಬಂತು!"

ಅವಳು ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಕಿಟಕಿಯ ಕಡೆ ವಾಲಿಸಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಹೆಬ್ಬೆರಳನ್ನು ಅದರ ಪಕ್ಕದಲ್ಲಿಟ್ಟು ನನಗೆ ತೋರಿಸಿದಳು. ಓರೆ ಗಾಯದ ಗೆರೆ.

"ಇದು ನಿಮ್ಮ ಬೆರಳು."

ನನಗೆ ಅದು ಹೊಳೆದೇ ಇರಲಿಲ್ಲ. ಆ ಗೆರೆಯನ್ನು ಈ ಮನೆಯ ಪ್ರತಿ ಕಬ್ಬಿಣದ ಮೇಲೂ ಕಂಡವನು ನಾನು. ಅದನ್ನೇ ಮರೆತೆ.

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. "ಇಷ್ಟು ಹೆದರಿದ್ದೀರಾ ನೀವು?" ಎಂದಳು. ಪಟ್ಟಿಯನ್ನು ತಟ್ಟೆಗೆ ಹಾಕಿ, "ಇನ್ನು ಇದು ಬೇಡ. ತರಬೇಡಿ" ಎಂದಳು.

ಮಾರ್ಚ್ 15

ಪಟ್ಟಿಗಳನ್ನೆಲ್ಲ ಡಬ್ಬಿಗೆ ತುಂಬಿ ಶೆಡ್ಡಿಗೆ ಹಾಕಿದೆ. ಏಳನೆಯ ಪದರ.

ಮಾರ್ಚ್ 17

ಮಾತೇ ಇಲ್ಲ. ಮಗಳು ಆಲೂಗಡ್ಡೆ ಬೇಯಿಸುತ್ತಾಳೆ, ನೀರು ಚೆಲ್ಲುತ್ತಾಳೆ, ಮತ್ತೆ ಬೇಯಿಸುತ್ತಾಳೆ. ತಾಯಿ ಮಗಳ ನಡುವೆ ತಟ್ಟೆ ಲೋಟ ಓಡಾಡುತ್ತವೆ, ಮಾತು ಓಡಾಡುವುದಿಲ್ಲ. ನಾನು ತೊಟ್ಟಿಯ ಮುಂದೆ ನಿಂತಾಗ ಬಾಗಿಲು ಅಗಲಕ್ಕೆ ತೆರೆದಿಡುತ್ತೇನೆ, ಹಬೆ ಆ ಕೋಣೆಗೆ ಹೋಗಲಿ ಎಂದು. ಕೆಲಸವಿಲ್ಲದಿದ್ದರೂ ಸಂಜೆ ಒಂದು ಸಲ ನೀರು ಕುದಿಸಿದೆ. ಅವಳು ಈಗ ಬಾಯಿ ತೆರೆದು ಕೂರುವುದಿಲ್ಲ.

ಸ್ಟೇಷನ್ ಮಾಸ್ಟರು ಫೋನು ಮಾಡಿದರು. ಈ ಸಲ ಕೂಗಲಿಲ್ಲ. ಯಾರೋ ಹೇಳಿರಬೇಕು. "ಮನೇಲಿ ಹೇಗಿದ್ದಾರೆ?" ಎಂದರು. ನಾನು ಏಳನೆಯ ಪದರದ ಲೆಕ್ಕ ಹೇಳತೊಡಗಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

ಮಾರ್ಚ್ 20

ಕೊನೆಯ ಪದರಕ್ಕೆ ಎಲ್ಲ ಸಿದ್ಧ. ಬೆಳಕಿಗೆ ಹಿಡಿದು ನೋಡಿದೆ. ನಳಿಗೆಗಳು ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಆಳವಾದ ನೀಲಿಗಪ್ಪು, ಎಲ್ಲೂ ಮಚ್ಚೆಯಿಲ್ಲ, ಎಲ್ಲೂ ಏರಿಳಿತವಿಲ್ಲ. ಅಪ್ಪ ಇದ್ದಿದ್ದರೆ ಹೆಗಲು ತಟ್ಟುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ಯಾರದ್ದೋ ಕೆಲಸ ನೋಡಿದ ಹಾಗಿತ್ತು.

ಮಧ್ಯಾಹ್ನ ಮದ್ದು ಹಚ್ಚಿ ಪೆಟ್ಟಿಗೆಯಲ್ಲಿಟ್ಟೆ. ನಾಳೆ ಕುದಿಸಿ, ಉಜ್ಜಿ, ಎಣ್ಣೆಯಲ್ಲಿ ಮುಳುಗಿಸಿದರೆ ಮುಗಿಯಿತು. ನಾಡಿದ್ದು ಸ್ಟೇಷನ್ ಮಾಸ್ಟರ ತಂಗಿ ಬಂದು ಒಯ್ಯುತ್ತಾರೆ.

ಆಮೇಲೆ ತರಕಾರಿಗೆಂದು ಹೊರಗೆ ಹೋಗಿದ್ದೆ. ಬಿಸಿಲು ಏರಿದೆ. ಬರುವಾಗ ಮನೆ ನಿಶ್ಶಬ್ದವಾಗಿತ್ತು. ಇವಳು ಮಂಚದ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಏನಾಯಿತೆಂದು ಕೇಳಿದರೆ, "ಬಚ್ಚಲಿಗೆ ಹೋಗಿದ್ದೆ" ಎಂದಳು. ಅಷ್ಟು ಹೋಗಿ ಬರುವುದಕ್ಕೂ ಈಗ ಹೀಗಾಗುತ್ತಾಳೆ. ನಾಳೆ ಬೆಳಿಗ್ಗೆ ಯಂತ್ರ. ಡಾಕ್ಟರು ರಕ್ತಪರೀಕ್ಷೆಯನ್ನೂ ಹೇಳಿದ್ದಾರೆ.

ಮಾರ್ಚ್ 21

ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆ ಪೆಟ್ಟಿಗೆ ತೆರೆದೆ. ಬಿರಡೆ ಹಿಡಿದು ನಳಿಗೆಗಳನ್ನು ಹೊರಗೆಳೆದೆ. ಎಡ ನಳಿಗೆಯ ಮೇಲೆ, ನಟ್ಟನಡುವೆ, ಯಾರ ಕಣ್ಣಿಗಾದರೂ ಮೊದಲು ಬೀಳುವ ಜಾಗದಲ್ಲಿ ಒಂದು ಹೆಬ್ಬೆರಳು. ಕಂದು ಅಲ್ಲ, ಕೆಂಪು. ಸುತ್ತಲಿನ ನವಿರು ತುಕ್ಕಿನ ನಡುವೆ ದಪ್ಪಗೆ, ಒರಟಾಗಿ, ಕಬ್ಬಿಣವನ್ನು ಕಚ್ಚಿ ಹಿಡಿದು ಕೂತಿತ್ತು. ಅಡ್ಡಕ್ಕೆ ಓರೆಯಾಗಿ ಗಾಯದ ಗೆರೆ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಳಿಗೆಗಳನ್ನು ಮಗುವಿನಂತೆ ಎರಡೂ ತೋಳಲ್ಲಿ ಎತ್ತಿಕೊಂಡು ಮುಂದಿನ ಕೋಣೆಗೆ ಹೋದೆ.

"ಯಾವಾಗ ಮುಟ್ಟಿದೆ?"

"ನಿನ್ನೆ. ನೀವು ತರಕಾರಿಗೆ ಹೋದಾಗ." ಕಳ್ಳಿಯ ಹಾಗೆ ನೋಡಿದಳು. "ನಿಮ್ಮ ಆ ಚೂರುಪಾರು ಪಟ್ಟಿ ಮೇಲೆ ನಂಗೆ ನಂಬಿಕೆ ಇರ್ಲಿಲ್ಲ ರೀ. ಮುಟ್ಟಬೇಡ ಅಂದಿದ್ದನ್ನ ಮುಟ್ಟಿದ್ರೇ ನನ್ನ ಕೈಗೆ ಬೆವರು ಬರೋದು. ಸಿಕ್ಕಿಬಿದ್ರೆ ಏನಂತೀರೋ ಅಂತ ಎದೆ ಹೊಡ್ಕೋತಿತ್ತು."

ನಾನು ಅತ್ತೆ. ಅವಳ ಮುಂದೆ ಹೀಗೆ ಅತ್ತದ್ದು ಇದೇ ಮೊದಲು. ಅವಳು ಬೆನ್ನ ಮೇಲೆ ಕೈಯಿಟ್ಟಳು. ಅಂಗಿಯ ಮೂಲಕವೂ ಆ ಕೈ ತಣ್ಣಗಿರಲಿಲ್ಲ.

ಮಗಳು ಬಂದಳು, ನೋಡಿದಳು. ಕನ್ನಡಕದ ಅಂಗಡಿಯವಳಲ್ಲವೇ, ಕಣ್ಣಿಗೆ ಕಂಡದ್ದನ್ನು ಒಂದೇಟಿಗೆ ನಂಬುವುದಿಲ್ಲ. "ಅಪ್ಪ, ಬೇಸಿಗೆ ಬಂತು. ಎಲ್ಲರಿಗೂ ಬೆವರ್ತಾ ಇದೆ. ರಿಪೋರ್ಟ್ ಬರೋವರೆಗೂ ಕುಣೀಬೇಡಿ" ಎಂದಳು. ಸರಿ ಎಂದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವಳು ಬಚ್ಚಲಲ್ಲಿ ಆ ಗೆರೆಯ ಜಗ್ಗನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನಿಂತಿದ್ದಳು. ಇಳಿಸಿದಳು, ಮತ್ತೆ ಎತ್ತಿ ನೋಡಿದಳು. ಆಮೇಲೆ ಅಮ್ಮನ ಲೋಟಕ್ಕೆ ನೀರು ಹಾಕುವಾಗ ಅಳತೆಗಿಂತ ಒಂದು ಗುಟುಕು ಹೆಚ್ಚು ಹಾಕಿದಳು. ನಾನು ನೋಡದವನಂತೆ ಇದ್ದೆ.

ಆಸ್ಪತ್ರೆಗೆ ಹೋಗಿ, ಪರೀಕ್ಷೆಗೆ ರಕ್ತವನ್ನೂ ಕೊಟ್ಟು ಬಂದೆವು. ನಾಳೆ ತಿಳಿಯುತ್ತದೆ. ನಾಳೆ ಏನು ತಿಳಿಯುತ್ತದೆಯೋ ನನಗೆ ಗೊತ್ತಿಲ್ಲ. ಡಾಕ್ಟರ ಹತ್ತಿರ ಬೆರಳಚ್ಚಿನ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೂ ಒಂದು ಮಂಚ ಹಾಕಿಸುತ್ತಿದ್ದರು.

ಬಂದ ಮೇಲೆ ಸ್ಟೇಷನ್ ಮಾಸ್ಟರಿಗೆ ಫೋನು ಮಾಡಿದೆ.

"ಕೆಲಸ ಕೆಟ್ಟಿತು ಸಾರ್. ಎಲ್ಲ ತೆಗೆದು ಮೊದಲಿನಿಂದ ಮಾಡ್ಬೇಕು. ಸ್ಪರ್ಧೆಗೆ ಸಿಗಲ್ಲ."

"ಕೆಟ್ಟಿತು ಅಂತೀರಿ, ನಗ್ತಿದೀರಲ್ರೀ!"

"ಹೌದಾ?" ಎಂದೆ. ನಗುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

"ತಂಗಿಗೆ ಬೇರೆ ಬಂದೂಕು ಸಿಗುತ್ತೆ ಬಿಡಿ. ಇದು ಲೇಟಾದ್ರೂ ಬರಲಿ" ಎಂದರು. ಹಳೆಯ ಅಭ್ಯಾಸ, ಕೂಗಿಯೇ ಹೇಳಿದರು.

ಮಧ್ಯಾಹ್ನ ನಳಿಗೆಗಳನ್ನು ವೈಸಿನ ಇಕ್ಕಳದಲ್ಲಿ ಕೂರಿಸಿ ಎಮರಿ ಕಾಗದ ಮಡಚಿಕೊಂಡೆ. ಆ ಗುರುತು ಒಳಗೆ ಕಚ್ಚಿದೆ, ಮೇಲುಮೇಲೆ ಒರೆಸಿದರೆ ಹೋಗುವುದಿಲ್ಲ. ಎಲ್ಲ ಪದರಗಳನ್ನೂ ಉಜ್ಜಿ ತೆಗೆದು ಬೆತ್ತಲೆ ಕಬ್ಬಿಣಕ್ಕೆ ಬರಬೇಕು. ಕಾಗದವನ್ನು ಹತ್ತಿರ ಒಯ್ದೆ. ಕೈ ಇಳಿಯಲಿಲ್ಲ. ಮತ್ತೆ ಒಯ್ದೆ. ಆಗಲಿಲ್ಲ. ಇಷ್ಟು ವರ್ಷ ಇದನ್ನೇ ಬೈದುಕೊಂಡು ಒರೆಸಿದ ಕೈ ಇದು. ಕಾಗದ ಹಿಡಿದುಕೊಂಡು ಸುಮ್ಮನೆ ಕೂತೆ.

ಸ್ಟೂಲು ಎಳೆದ ಸದ್ದಾಯಿತು. ಇವಳು ಗೋಡೆ ಹಿಡಿದುಕೊಂಡು ಹಳದಿ ಗೆರೆ ದಾಟಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು. ಕೈ ಸೆರಗಿನೊಳಗೆ ಇರಲಿಲ್ಲ. ನಳಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಉಜ್ಜಿ ತೆಗೀರಿ" ಎಂದಳು. "ಇನ್ನೊಂದು ಹಾಕಿಕೊಡ್ತೀನಿ."